ಕರಿಯ ಎಂದವರು ನಮ್ಮವರೋ, ಅವರವರೋ?

2023ರ ಆಗಸ್ಟ್‌ನಲ್ಲಿ ತೀರ್ಥಹಳ್ಳಿಯ ಪ್ರತಿಭಟನೆಯೊಂದರಲ್ಲಿ ಬಿಜೆಪಿ ಶಾಸಕ ಆರಗ ಜ್ಞಾನೇಂದ್ರ ಅರಣ್ಯ ಸಚಿವ ಈಶ್ವರ ಖಂಡ್ರೆಯವರನ್ನು ಟೀಕಿಸಲು ಹೊರಟರು. ಮಾತು ಅರಣ್ಯ ಬಿಟ್ಟು ಚರ್ಮಕ್ಕೆ ಹೋಯಿತು. ಮರಗಿಡಗಳ ನೆರಳಿಲ್ಲದ ಆ ಕಡೆಯ ಜನ ಸುಟ್ಟು ಕರಕಲಾಗಿದ್ದಾರೆ, ಖರ್ಗೆಯವರನ್ನು ನೋಡಿದರೆ ಗೊತ್ತಾಗುತ್ತದೆ ಎಂಬರ್ಥದಲ್ಲಿ ಆಡಿದರು.

ಶೋಳಿಂಗನಲ್ಲೂರಿನ ಸುತ್ತಮುತ್ತ ಕೆಲಸ ಮಾಡುವ ನಾವೊಂದಷ್ಟು ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿದೆ. ಬಾಡಿಗೆ ಮನೆ, ಹಬ್ಬಕ್ಕೆ ಊರಿನ ಬಸ್ಸು, ಅಷ್ಟಕ್ಕೇ ಶುರುವಾದದ್ದು. ಅಂದು ಕಾಂಗ್ರೆಸ್ ಒಲವಿನವರು ಕೆಂಡವಾದರು. ನ್ಯಾಯವಾದ ಸಿಟ್ಟೇ. ಬಿಜೆಪಿ ಕಡೆಯವರು, ‘ಬಾಯಿ ತಪ್ಪಿ ಬಂದದ್ದು, ವಿಷಾದ ಹೇಳಿದ್ದಾರಲ್ಲ, ಬಿಡಿ’ ಎಂದರು.

2024ರ ನವೆಂಬರ್‌ನಲ್ಲಿ ಚನ್ನಪಟ್ಟಣದ ಉಪಚುನಾವಣೆ ಬಂತು. ಸಚಿವ ಜಮೀರ್ ಅಹ್ಮದ್ ಖಾನ್ ಪ್ರಚಾರದಲ್ಲಿ ಎಚ್.ಡಿ. ಕುಮಾರಸ್ವಾಮಿಯವರನ್ನು ‘ಕಾಲಿಯಾ’ ಎಂದರು. ನಮ್ಮ ಗುಂಪಿನಲ್ಲಿ ಪಾತ್ರಗಳು ಅದಲುಬದಲು. ಹಿಂದೆ ‘ಬಿಡಿ’ ಎಂದವರು ಈಗ ರಾಜೀನಾಮೆ ಕೇಳಿದರು, ಹಿಂದೆ ರಾಜೀನಾಮೆ ಕೇಳಿದವರು ‘ಬಿಡಿ’ ಎಂದರು. ಕೋಡ್‌ನಲ್ಲಿ ಹೆಸರೊಂದನ್ನು ಬದಲಿಸಿ ಮತ್ತೆ ರನ್ ಮಾಡಿದ ಹಾಗೆ. ಕಲಬುರಗಿಯ ಗೆಳೆಯನೊಬ್ಬ ಎರಡೂ ಸಲ ಒಂದೇ ಸಾಲು ಬರೆದ: ‘ನಮ್ಮ ಬಣ್ಣದ ಸುದ್ದಿ ಬಿಡ್ರಿ, ನಮ್ಮ ಊರಿನ ನೀರಿನ ಸುದ್ದಿ ಹೇಳ್ರಿ.’ ಎರಡೂ ಸಲ ಯಾರೂ ಉತ್ತರಿಸಲಿಲ್ಲ.

ಪ್ರೀತಿಯಿಂದ ಹಾಗೆ ಕರೆಯುತ್ತಿದ್ದೆ, ಅವರು ನನ್ನನ್ನು ಕುಳ್ಳ ಎನ್ನುತ್ತಿದ್ದರು ಎಂಬುದು ಜಮೀರ್ ಸಮಜಾಯಿಷಿ. ನಮ್ಮ ಹಳ್ಳಿಗಳಲ್ಲಿ ಕರಿಯಪ್ಪನೂ ಉಂಟು, ಕೆಂಚಮ್ಮನೂ ಉಂಟು. ಅಜ್ಜಿ ಮೊಮ್ಮಗನನ್ನು ‘ಬಾರೋ ಕರಿಯಾ’ ಎಂದರೆ ಅದು ಮುದ್ದು. ಆದರೆ ಮುದ್ದು ಮಾಡಲು ಮೈಕು ಬೇಕೆ? ಅದೂ ವೋಟು ಕೇಳುವ ವೇದಿಕೆಯಲ್ಲಿ?

ದೆಹಲಿಯ ಕಥೆಯೂ ಬೇರೆಯಲ್ಲ. 2017ರ ಏಪ್ರಿಲ್‌ನಲ್ಲಿ ಬಿಜೆಪಿಯ ಮಾಜಿ ಸಂಸದ ತರುಣ್ ವಿಜಯ್ ಅಲ್ ಜಜೀರಾ ವಾಹಿನಿಯಲ್ಲಿ, ನಾವು ಜನಾಂಗ ದ್ವೇಷಿಗಳಾಗಿದ್ದರೆ ದಕ್ಷಿಣದವರ ಜೊತೆ ಹೇಗೆ ಬಾಳುತ್ತಿದ್ದೆವು, ನಮ್ಮ ಸುತ್ತ ಕಪ್ಪು ಜನರಿದ್ದಾರಲ್ಲ ಎಂದರು. ಆ ‘ನಾವು’ ಯಾರು, ಅದರಲ್ಲಿ ನಾನಿದ್ದೇನೆಯೇ? ಹರಿದ್ವಾರದಲ್ಲಿ ತಿರುವಳ್ಳುವರ್ ಪ್ರತಿಮೆಗಾಗಿ ಓಡಾಡಿದವರೂ ಇವರೇ, ಹಾಗಾಗಿ ಚೆನ್ನೈನವರಿಗೆ ಇನ್ನಷ್ಟು ಚುಚ್ಚಿತು. 2024ರ ಮೇ 8ರಂದು ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ, ದಕ್ಷಿಣದವರು ಆಫ್ರಿಕನ್ನರಂತೆ ಕಾಣುತ್ತಾರೆ ಎಂದ ಮಾತು ಹೊರಬಿತ್ತು. ಪ್ರಧಾನಿ ಮೋದಿ ಅದೇ ದಿನ ವಾರಂಗಲ್ ಸಭೆಯಲ್ಲಿ ಚರ್ಮದ ಬಣ್ಣದ ಅವಮಾನ ಸಹಿಸುವುದಿಲ್ಲ ಎಂದು ಗುಡುಗಿದರು. ತೀರ್ಥಹಳ್ಳಿಯ ಮಾತಿಗೆ ಆಗ ಒಂಬತ್ತು ತಿಂಗಳು.

ನಾನಿರುವ ಊರಿನಲ್ಲಿ ಕಪ್ಪು ರಾಜಕೀಯದ ಬಣ್ಣ. ಪೆರಿಯಾರ್ ಅನುಯಾಯಿಗಳ ಅಂಗಿ ಕಪ್ಪು, ದ್ರಾವಿಡರ್ ಕಳಗಂ ಬಾವುಟವೂ ಕಪ್ಪು, ನಡುವೆ ಕೆಂಪು ವೃತ್ತ. ಆದರೂ ಪಿತ್ರೋಡಾ ಮಾತಿಗಾಗಿ ಡಿಎಂಕೆ ಏನೂ ಕಾಂಗ್ರೆಸ್ ನಂಟು ಕಡಿದುಕೊಳ್ಳಲಿಲ್ಲ. ಸೀಟು ಹಂಚಿಕೆಯ ಮುಂದೆ ಬಾವುಟದ ಬಣ್ಣ ಎಷ್ಟರದ್ದು!

ಇಷ್ಟಕ್ಕೂ ಯಾರು ಏನು ಕಳೆದುಕೊಂಡರು? ಜ್ಞಾನೇಂದ್ರ ಶಾಸಕರಾಗಿಯೇ ಉಳಿದರು. ಜಮೀರ್ ಕ್ಷಮೆ ಕೇಳಿ ಸಂಪುಟದಲ್ಲೇ ಉಳಿದರು. ಕ್ಷಮೆ ಕೇಳಿದ ತರುಣ್ ವಿಜಯ್ ಮುಂದೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಅಧ್ಯಕ್ಷರಾದರು. ಸಾಗರೋತ್ತರ ಕಾಂಗ್ರೆಸ್ಸಿನ ಅಧ್ಯಕ್ಷ ಸ್ಥಾನಕ್ಕೆ ಅಂದೇ ರಾಜೀನಾಮೆ ಕೊಟ್ಟ ಪಿತ್ರೋಡಾ, ಚುನಾವಣೆ ಮುಗಿದ ಮೇಲೆ ಜೂನ್ 26ರಂದು ಅದೇ ಕುರ್ಚಿಗೆ ಮರಳಿದರು. ಲೆಕ್ಕ ಹಾಕಿದರೆ 49 ದಿನ.