ಗುಳಿಗೆ ಒಗ್ಗದಿದ್ದರೆ

ಗುಳಿಗೆ ನುಂಗಿದ ಮೇಲೆ ಮೈ ತುರಿಸಿದರೆ ‘ಉಷ್ಣವಾಯಿತು’ ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವ ರೂಢಿ ನಮ್ಮ ಮನೆಗಳಲ್ಲಿ ಉಂಟು. ಎಷ್ಟೋ ಸಲ ಅದು ಔಷಧಿಯ ಪ್ರತಿಕೂಲ ಪರಿಣಾಮವಾಗಿರುತ್ತದೆ. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಹೀಗಾಗಬಹುದು.

ಪರೀಕ್ಷಿಸಿಯೇ ಅಲ್ಲವೆ ಔಷಧಿಯನ್ನು ಮಾರುವುದು? ನಿಜ. ಆದರೆ ಆ ಪರೀಕ್ಷೆ ಸಾಮಾನ್ಯವಾಗಿ ಕೆಲವು ಸಾವಿರ ಜನರ ಮೇಲೆ ಮಾತ್ರ ನಡೆಯುತ್ತದೆ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುವ ತೊಂದರೆ ಅಲ್ಲಿ ಕಣ್ಣಿಗೆ ಬೀಳದೆ ಹೋಗಬಹುದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಔಷಧಿ ಮಾರಾಟಕ್ಕೆ ಬಂತು. ಗರ್ಭಿಣಿಯರಿಗೂ ನಿರಪಾಯವೆಂದು ಸಾರಿದರು. ಅನಂತರ ಕೈಕಾಲು ಬೆಳೆಯದ ಕೂಸುಗಳು ಹುಟ್ಟತೊಡಗಿದವು. ಜರ್ಮನಿಯಲ್ಲಿ ಲೆಂಜ್, ಆಸ್ಟ್ರೇಲಿಯದಲ್ಲಿ ಮೆಕ್‌ಬ್ರೈಡ್ ಎಂಬ ವೈದ್ಯರು ತಾವು ಕಂಡದ್ದನ್ನು ಬಾಯಿಬಿಟ್ಟು ಹೇಳಿದ ಮೇಲೆ, 1961ರಲ್ಲಿ, ಮಾರಾಟ ನಿಂತಿತು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ವರದಿಗಳನ್ನು ಕಲೆಹಾಕತೊಡಗಿತು.

ನಮ್ಮ ದೇಶದ ಈಗಿನ ವ್ಯವಸ್ಥೆ 2010ರದು. ಅದರ ಕೇಂದ್ರ ಗಾಜಿಯಾಬಾದಿನಲ್ಲಿದೆ. ಗೋವೆಯಲ್ಲಿ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಇದರ ನಿಗಾ ಕೇಂದ್ರಗಳಲ್ಲೊಂದು. ರೋಗಿಯ ಮೈಮೇಲೆ ಗಂಧೆ ಎದ್ದರೆ ವೈದ್ಯರೋ ದಾದಿಯೋ ಒಂದು ನಮೂನೆ ತುಂಬುತ್ತಾರೆ. ಯಾವ ಔಷಧಿ, ಎಂದು ಶುರುವಾಯಿತು, ಗಂಧೆ ಎದ್ದದ್ದು ಎಷ್ಟನೆಯ ದಿನ, ಔಷಧಿ ನಿಲ್ಲಿಸಿದಾಗ ಇಳಿಯಿತೇ, ಜೊತೆಗೆ ಬೇರೇನು ಸೇವಿಸಿದ್ದರು? ರೋಗಿಯ ಪೂರ್ತಿ ಹೆಸರು ಬೇಕಿಲ್ಲ. ಒಂದೇ ವರದಿಯಿಂದ ಬಹುಶಃ ಏನೂ ಸಿದ್ಧವಾಗದು. ಆದರೆ ಮೈಸೂರಿನಿಂದಲೂ ಕೇರಳದಿಂದಲೂ ಅಂಥದೇ ವರದಿಗಳು ಬಂದು ಕೂಡಿದಾಗ ಎಚ್ಚರಿಕೆ ಹೊರಡುತ್ತದೆ.

ಈ ಸರಪಳಿಯ ಮೊದಲ ಕೊಂಡಿ ರೋಗಿಯ ಮಾತು. ಗೋವೆಯ ಕನ್ನಡ ಮನೆಗಳಲ್ಲಿ ಆ ಮಾತು ಅನೇಕ ವೇಳೆ ನಿಮ್ಮ ಬಾಯಿಂದಲೇ ಬರಬೇಕು, ಮಕ್ಕಳೇ. ವೈದ್ಯರು ಕೊಂಕಣಿಯಲ್ಲೋ ಹಿಂದಿಯಲ್ಲೋ ಕೇಳುತ್ತಾರೆ, ಅವ್ವ ಕನ್ನಡದಲ್ಲಿ ಹೇಳುತ್ತಾಳೆ, ನಡುವೆ ನೀವು. ಅವಳು ನಾಲ್ಕು ಮಾತು ಹೇಳಿದರೆ ನಾಲ್ಕನ್ನೂ ದಾಟಿಸಿ. ‘ಏನಿಲ್ಲ’ ಎಂದು ಮುಗಿಸಬೇಡಿ. ಊರಿನಿಂದ ತಂದ ಗಾವಠಿ ಔಷಧಿಯನ್ನೂ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ. (ಬೈದರೂ ಹೇಳಿ.) ರೋಗಿಗಳೇ ತುಂಬುವ ನಮೂನೆ ಕನ್ನಡದಲ್ಲಿಯೂ ಉಂಟು, 1800-180-3024ಕ್ಕೆ ಉಚಿತವಾಗಿ ಫೋನ್ ಮಾಡಿಯೂ ತಿಳಿಸಬಹುದು.

ಪಾಲಕರಲ್ಲಿ ಒಂದು ವಿನಂತಿ: ಇದನ್ನೋದಿ ಗಾಬರಿಯಿಂದ ಗುಳಿಗೆ ಬಿಡಬೇಡಿ. ಮೂರ್ಛೆರೋಗದ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಮೂರ್ಛೆ ಹೆಚ್ಚಬಹುದು. ತೊಂದರೆ ಕಂಡರೆ ಕೂಡಲೇ ವೈದ್ಯರನ್ನು ಕೇಳಿ. ಬಾಯಿ ಹುಣ್ಣಾದರೆ, ಚರ್ಮ ಸುಲಿದರೆ, ಮುಖ ಬಾತು ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ಗುಳಿಗೆಯ ಚೀಟಿ ಕೈಯಲ್ಲಿರಲಿ. ಒಗ್ಗದ ಔಷಧಿಯ ಹೆಸರನ್ನು ಬರೆಸಿಕೊಂಡು ಕೇಸ್‌ಪೇಪರಿನೊಡನೆ ಇಟ್ಟುಕೊಳ್ಳಿ. ಮುಂದಿನ ಸಲ ಬೇರೆ ವೈದ್ಯರು ತಿಳಿಯದೆ ಅದನ್ನೇ ಬರೆದುಕೊಡಬಹುದು.