ಹಾವಿನ ಹೊಣೆ

ಮಳೆಗಾಲ ಹಿಡಿದೊಡನೆ ಭಟ್ಕಳದ ಮಗ್ಗುಲಿನ ಮುಟ್ಟಳ್ಳಿಯಂತಹ ಕರಾವಳಿಯ ಊರುಗಳಲ್ಲಿ ಹಾವುಗಳು ಮನೆಯಂಗಳಕ್ಕೆ ಬರುವುದು ಅಪೂರ್ವವೇನಲ್ಲ. ಬಿಲಗಳಲ್ಲಿ ನೀರು ತುಂಬಿದಾಗ ಅವು ಹುಲ್ಲಿನ ಬಣವೆ, ಕೊಟ್ಟಿಗೆ, ಕಟ್ಟಿಗೆಯ ರಾಶಿಗಳನ್ನು ಆಶ್ರಯಿಸುತ್ತವೆ. ಹಿರಿಯರು ಅಂಜಿ ಕೈಮುಗಿಯುತ್ತಾರೆ. ಕುತೂಹಲಿಯಾದ ಬಾಲಕನೊಬ್ಬನಿಗೆ ಕೇರೆಯ ಮರಿಯನ್ನು ಗಾಜಿನ ಭರಣಿಯಲ್ಲಿಟ್ಟು ಸಾಕುವ ಆಸೆ ಹುಟ್ಟುತ್ತದೆ. ಆ ಆಸೆಯಲ್ಲಿ ಕ್ರೌರ್ಯವಿಲ್ಲ. ಆದರೆ ಹಾವನ್ನು ಸಾಕುವುದೆಂದರೆ ಏನು ಎಂಬುದನ್ನು ವಿಚಾರಿಸಿ ನೋಡಬೇಕು.

ಹಾವು ಶೀತರಕ್ತದ ಪ್ರಾಣಿ. ತಿಂದ ಆಹಾರದಿಂದ ಅದು ನಮ್ಮಂತೆ ಮೈಯನ್ನು ಬೆಚ್ಚಗಿಟ್ಟುಕೊಳ್ಳಲಾರದು. ಚಳಿಯಾದರೆ ಬಿಸಿಲಿಗೆ, ಸೆಕೆಯಾದರೆ ನೆರಳಿಗೆ ಸರಿಯುತ್ತ ಅದು ತನ್ನ ದೇಹದ ಉಷ್ಣತೆಯನ್ನು ಕಾಪಾಡಿಕೊಳ್ಳುತ್ತದೆ. ಆದುದರಿಂದ ಅದನ್ನು ಕೂಡಿಹಾಕುವವನು ಗೂಡಿನ ಒಂದು ಬದಿಯನ್ನು ಬೆಚ್ಚಗೂ ಇನ್ನೊಂದು ಬದಿಯನ್ನು ತಂಪಾಗಿಯೂ ಹಗಲಿರುಳು ಇರಿಸಬೇಕು. ಶಾಖ ಸಾಲದಿದ್ದರೆ ನುಂಗಿದ ಇಲಿ ಜೀರ್ಣವಾಗದೆ ಹಾವು ಅದನ್ನು ಕಾರಿಬಿಡುತ್ತದೆ. ಭರಣಿಯನ್ನು ಬಿಸಿಲಿನಲ್ಲಿಟ್ಟರೆ ಸರಿದುಹೋಗಲು ನೆರಳಿಲ್ಲದೆ ಸಾಯುತ್ತದೆ. ಗಾಳಿ ಒಣಗಿದ್ದರೆ ಪೊರೆ ತುಂಡುತುಂಡಾಗಿ ಬಿಟ್ಟು ಕಣ್ಣಿನ ಮೇಲೆ ಉಳಿಯುವುದುಂಟು. ಹಸಿವಿಲ್ಲದ ಹಾವಿನ ಗೂಡಿಗೆ ಜೀವಂತ ಇಲಿಯನ್ನು ಬಿಟ್ಟರೆ ಇಲಿಯೇ ಹಾವನ್ನು ಕಚ್ಚಿ ಗಾಯಗೊಳಿಸಬಹುದು. ಇನ್ನು ಹಾಲಿನ ಮಾತು. ಹಾಲು ಹಾವಿನ ಆಹಾರವೇ ಅಲ್ಲ. ದಿನಗಟ್ಟಲೆ ನೀರು ಕಾಣದೆ ಬಾಯಾರಿದ ಹಾವು ಹಾಲನ್ನೂ ಕುಡಿಯುತ್ತದೆ, ಅಷ್ಟೆ. ಅದನ್ನು ಭಕ್ತಿಗೆ ಒಲಿದ ಗುರುತೆಂದು ನಾವು ತಿಳಿಯುತ್ತೇವೆ!

ನಾಯಿ ನೋವಾದರೆ ಕುಂಯ್ಗುಡುತ್ತದೆ. ಹಸು ಅಂಬಾ ಎನ್ನುತ್ತದೆ. ಹಾವು ಕೂಗಿ ಹೇಳಲಾರದು. ಅದು ಆಹಾರ ಬಿಟ್ಟರೆ ಪೊರೆ ಬಿಡುವ ಸಮಯವೋ, ರೋಗವೋ, ಬರಿಯ ಅಂಜಿಕೆಯೋ ಎಂದು ಸಾಕುವವನೇ ಊಹಿಸಬೇಕು. ಈ ಚಿಂತೆ ಒಂದೆರಡು ದಿನದ್ದಲ್ಲ. ಕೆಲವರು ಸಾಕುವ ಆಫ್ರಿಕದ ಬಾಲ್ ಹೆಬ್ಬಾವು ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಅಂತಹ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ಸರಕಾರದಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ನಿಯಮಗಳಾದುವು.

ನಮ್ಮ ನಾಡಿನ ಹಾವುಗಳ ವಿಷಯ ಬೇರೆ. ನಾಗರ, ಕಾಳಿಂಗ, ಹೆಬ್ಬಾವು, ಕೇರೆ ಮೊದಲಾದವನ್ನು ಅನುಮತಿಯಿಲ್ಲದೆ ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಕಾಯಿದೆಯ ಮಾತು ಹಾಗಿರಲಿ, ಪ್ರಾಣದ ಮಾತೂ ಇದೆ. ಕಟ್ಟುಹಾವಿನ ಮರಿಯನ್ನು ನಿರ್ವಿಷವೆಂದು ಭ್ರಮಿಸಿ ಕೈಗೆತ್ತಿಕೊಳ್ಳುವವರಿದ್ದಾರೆ. ಅದು ಕಚ್ಚಿದರೆ ಎಷ್ಟೋ ಸಲ ನೋವೇ ತಿಳಿಯದು; ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ; ಅಷ್ಟರಲ್ಲಿ ಉಸಿರಾಟದ ಸ್ನಾಯುಗಳೇ ಸೋಲುತ್ತವೆ.

ಕಚ್ಚಿಸಿಕೊಂಡವನನ್ನು ಉಳಿಸುವ ಮದ್ದಿಗೂ ಹಾವಿನ ವಿಷವೇ ಬೇಕು. ಸ್ವಲ್ಪಸ್ವಲ್ಪವಾಗಿ ವಿಷವನ್ನು ಚುಚ್ಚಿದ ಕುದುರೆಗಳ ರಕ್ತದಿಂದ ಆ ಮದ್ದು ತಯಾರಾಗುತ್ತದೆ. ಆದುದರಿಂದ ಹಾವನ್ನು ನ್ಯಾಯವಾಗಿ ಹಿಡಿದಿಡುವವರೂ ಇದ್ದಾರೆ. ನೆರೆಯ ತಮಿಳುನಾಡಿನಲ್ಲಿ, ಮಹಾಬಲಿಪುರದ ಸಮೀಪ, ಇರುಳರು 1978ರಲ್ಲಿ ಒಂದು ಸಹಕಾರ ಸಂಘವನ್ನು ಕಟ್ಟಿಕೊಂಡರು. ಹಾವಿನ ಚರ್ಮದ ವ್ಯಾಪಾರ ನಿಂತು ಜೀವನೋಪಾಯ ಕಳೆದುಕೊಂಡ ಬೇಟೆಗಾರರು ಅವರು. ಅರಣ್ಯ ಇಲಾಖೆ ಅನುಮತಿಸಿದಷ್ಟೇ ಹಾವುಗಳನ್ನು ತಂದು, ಒಂದೊಂದನ್ನು ಮಣ್ಣಿನ ಗಡಿಗೆಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟುತ್ತಾರೆ. ನೋಡುವವರಿಗೆ ಅದು ಸೆರೆಯಂತೆ ಕಂಡರೂ, ಕತ್ತಲಲ್ಲಿ ಅವಿತಿರಬಯಸುವ ಹಾವಿಗೆ ನಾಲ್ಕು ಕಡೆಯೂ ಬಯಲಾದ ಗಾಜಿಗಿಂತ ತಂಪಾದ ಗಡಿಗೆಯೇ ಹಿತ. ವಾರಕ್ಕೊಮ್ಮೆಯಂತೆ ವಿಷ ತೆಗೆದು, ಮೂರು ನಾಲ್ಕು ವಾರಗಳಲ್ಲಿ ಮರಳಿ ಕಾಡಿಗೆ ಬಿಡುತ್ತಾರೆ. ಬಿಡುವ ಮುನ್ನ ಹೊಟ್ಟೆಯ ಕೆಳಗಿನ ಶಲ್ಕವೊಂದರ ಅಂಚನ್ನು ಕತ್ತರಿಸುತ್ತಾರೆ. ಕೆಲವು ಸಲ ಪೊರೆ ಕಳಚುವವರೆಗೂ ಆ ಗುರುತು ಉಳಿದಿರುತ್ತದೆ. ಅದನ್ನು ಕಂಡ ಇರುಳನು ಆ ಹಾವನ್ನು ಮತ್ತೆ ಹಿಡಿಯದೆ ಅದರ ದಾರಿಗೆ ಬಿಡುತ್ತಾನೆ.