ದೂರವಿರುವುದು ಯಾರಿಂದ?

ಪ್ಲೇಗಿನ ಕಾಲದಲ್ಲಿ ಮನೆಯೊಳಗೆ ಇಲಿ ಸತ್ತು ಬಿದ್ದೊಡನೆ ನಮ್ಮ ಸೀಮೆಯ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟುದು 1898ರಲ್ಲಿ. ಇಲಿಯ ಚಿಗಟವೇ ಅದನ್ನು ಹರಡುವುದೆಂದು ಸಿಮೊಂ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಕೊಂಡುದೂ ಅದೇ ವರ್ಷ. ಎಂದರೆ, ಜನ ದೂರ ಸರಿದುದು ನೆರೆಯವರಿಗಿಂತ ಹೆಚ್ಚಾಗಿ ಇಲಿಗಳಿಂದ! 2020ರ ಕೊರೋನಾ ಹಾಗಲ್ಲ. ಅದು ಮನುಷ್ಯನ ಉಸಿರಿನಲ್ಲಿಯೇ ಸಾಗುವಂಥದು. ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗಿಂತ ಕಡಮೆ ಜನಕ್ಕೆ ಅಂಟುವಂತೆ ಅಂತರವಿಟ್ಟರೆ ಬೇನೆ ತಾನಾಗಿ ಕುಗ್ಗುತ್ತದೆ. ಲೆಕ್ಕವೇನೋ ಸುಲಭ. ಆದರೆ ಚಿನ್ನದ ಗಣಿಯ ಲೈನುಮನೆಗಳಲ್ಲಿ ಎರಡು ಸಂಸಾರಗಳ ನಡುವೆ ಇರುವುದು ಒಂದೇ ಗೋಡೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ದುಡಿಯುವವರೇ ಬಹಳ. 2020ರ ಮಾರ್ಚ್ 22ರಂದು ರೈಲುಗಳು ನಿಂತವು. ಅವರ ದಿನಗೂಲಿಯೂ ನಿಂತಿತು.